ಪ್ರಜೆಯ ಅಹವಾಲು, ಪ್ರಭುತ್ವದ ಕಿವಿ



ಸರಕಾರವು ಹೊರಡಿಸುವ ಕರಡು ನಿಯಮಗಳ ಆರಂಭದಲ್ಲಿ ಒಂದು ಸಣ್ಣ ಒಕ್ಕಣೆಯಿರುತ್ತದೆ. ಈ ನಿಯಮಗಳಿಂದ ಬಾಧಿತರಾಗಬಹುದಾದವರು ಇಂತಿಷ್ಟು ದಿನಗಳೊಳಗೆ ತಮ್ಮ ಆಕ್ಷೇಪಣೆಗಳನ್ನೂ ಸಲಹೆಗಳನ್ನೂ ಸಲ್ಲಿಸಬಹುದು ಎಂಬುದು ಅದರ ತಾತ್ಪರ್ಯ. ರಾಜ್ಯಪತ್ರವನ್ನು ಓದುವವರು ವಿರಳ. ಓದಿದವರಲ್ಲಿಯೂ ಈ ಒಕ್ಕಣೆಯ ಮೇಲೆ ಕಣ್ಣು ನಿಲ್ಲಿಸುವವರು ಇನ್ನೂ ವಿರಳ. ನಿಯಮವು ಜಾರಿಗೆ ಬಂದು ಅದರ ಬಿಸಿ ತಟ್ಟಿದಾಗ ಮಾತ್ರ ನಮಗೆ ಎಚ್ಚರವಾಗುತ್ತದೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯು ಇಂಥ ಸಂದರ್ಭಕ್ಕೆಂದೇ ಹುಟ್ಟಿದಂತಿದೆ.

ಈ ಸಣ್ಣ ಒಕ್ಕಣೆಯ ಹಿಂದೆ ಒಂದು ದೀರ್ಘ ಇತಿಹಾಸವಿದೆ. ಆಳುವವನು ಕಟ್ಟಳೆಯನ್ನು ಮಾಡುವುದಕ್ಕೆ ಮುನ್ನ ಆಳಿಸಿಕೊಳ್ಳುವವನ ಮಾತನ್ನು ಕೇಳಬೇಕೆಂಬ ತತ್ತ್ವವು ಯಾರೋ ಉದಾರಿಗಳು ಒಂದು ದಿನ ನೀಡಿದ ದಾನವಲ್ಲ. ಅದಕ್ಕಾಗಿ ಜನರು ನೊಂದಿದ್ದಾರೆ, ಕೂಡಿದ್ದಾರೆ, ಮಡಿದಿದ್ದಾರೆ. ಆ ಇತಿಹಾಸದ ಒಂದು ಮಹತ್ತ್ವದ ಅಧ್ಯಾಯವು ಸಂತೇಬೆನ್ನೂರು, ಬಸವಾಪಟ್ಟಣ, ಹೊನ್ನಾಳಿಗಳ ಸೀಮೆಯಲ್ಲಿಯೇ ಬರೆಯಲ್ಪಟ್ಟಿದೆ ಎಂಬುದು ಈ ಭಾಗದ ಅನೇಕರಿಗೆ ತಿಳಿಯದು. ಅದನ್ನು ನೆನಪಿಗೆ ತರುವುದು, ಇಂದಿನ ಸಾರ್ವಜನಿಕ ವಿಚಾರಣೆಗಳನ್ನು ಆ ಹಿನ್ನೆಲೆಯಲ್ಲಿ ತೂಗಿ ನೋಡುವುದು ಈ ಲೇಖನದ ಉದ್ದೇಶ.

ಪ್ರಶ್ನೆಯನ್ನು ಗೌರವಿಸಿದ ಪರಂಪರೆ

ಕೇಳುವುದು, ಕೇಳಿ ಉತ್ತರಿಸುವುದು ನಮ್ಮ ಪರಂಪರೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಗೋಷ್ಠಿಯು ಪ್ರಶ್ನೋತ್ತರದ ಮೂಲಕವೇ ನಡೆಯಿತೆಂದು ಸಂಪ್ರದಾಯವು ಹೇಳುತ್ತದೆ. ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯು ಆದ್ಯಂತವಾಗಿ ಸಂವಾದದ ರೂಪದಲ್ಲಿದೆ. ಅಕ್ಕಮಹಾದೇವಿಯನ್ನಾಗಲಿ ಸೊನ್ನಲಿಗೆಯ ಸಿದ್ಧರಾಮನನ್ನಾಗಲಿ ಅಲ್ಲಮಪ್ರಭುವು ಪ್ರಶ್ನಿಸದೆ ಒಪ್ಪಿಕೊಳ್ಳಲಿಲ್ಲ. ಅವರೂ ಉತ್ತರಿಸದೆ ಬಾಗಲಿಲ್ಲ. ಮಂತ್ರಿಪದವಿಯಲ್ಲಿದ್ದ ಬಸವಣ್ಣನವರೂ ಆ ಗೋಷ್ಠಿಯಲ್ಲಿ ಪ್ರಶ್ನೆಗೆ ಒಳಗಾದವರೇ.

ಅಂದಿನ ಅನುಭಾವಗೋಷ್ಠಿಯನ್ನು ಇಂದಿನ ಸರಕಾರಿ ವಿಚಾರಣೆಗೆ ನೇರವಾಗಿ ಸಮೀಕರಿಸುವುದು ಉಚಿತವಾಗಲಾರದು. ಅಲ್ಲಿಯದು ಆತ್ಮದ ಜಿಜ್ಞಾಸೆ, ಇಲ್ಲಿಯದು ಕರ, ನೀರು, ನೆಲಗಳ ವ್ಯವಹಾರ. ಆದರೂ ಒಂದು ಮಾತನ್ನು ಅಲ್ಲಿಂದ ಗ್ರಹಿಸಬಹುದು. ಕೇಳಿದ ಪ್ರಶ್ನೆಗೆ ಉತ್ತರ ದೊರೆಯುವ ತನಕ ಗೋಷ್ಠಿಯು ಮುಗಿದಂತಾಗದು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡು ಮುಂದಿನ ಇತಿಹಾಸವನ್ನು ನೋಡೋಣ.

ಬಸವಾಪಟ್ಟಣದ ಕೂಟ

ಸಂತೇಬೆನ್ನೂರೆಂದೊಡನೆ ಎಲ್ಲರ ಕಣ್ಣಮುಂದೆ ನಿಲ್ಲುವುದು ಅಲ್ಲಿಯ ಪುಷ್ಕರಣಿ. ಹದಿನಾರನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ಕೆಂಗ ಹನುಮಪ್ಪನಾಯಕನು ಅದನ್ನು ಕಟ್ಟಿಸಿದನು. ನಡುವಣ ವಸಂತಮಂಟಪವೂ ದಡದ ಮುಸಾಫಿರಖಾನೆಯೂ ಇಂದಿಗೂ ನಿಂತಿವೆ. ಈ ನಾಯಕರ ವಂಶವು ಸಂತೇಬೆನ್ನೂರು, ಬಸವಾಪಟ್ಟಣಗಳಲ್ಲಿದ್ದು, ಮುಂದೆ ಬಿಜಾಪುರದ ಸೈನ್ಯದ ಒತ್ತಡಕ್ಕೆ ಸಿಲುಕಿ ತರೀಕೆರೆಗೆ ಸರಿಯಿತು. ಈ ವಂಶದ ಹೆಸರು ನಮ್ಮ ಕಥೆಯಲ್ಲಿ ಇನ್ನೊಮ್ಮೆ ಬರಲಿದೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಮೈಸೂರು ಸಂಸ್ಥಾನವು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂದಿತು. ಚನ್ನಗಿರಿ, ಹೊನ್ನಾಳಿಗಳ ಪ್ರದೇಶವು ಆಗ ನಗರದ ಫೌಜುದಾರಿಗೆ ಸೇರಿತ್ತು. ಕಂದಾಯದ ವಸೂಲಿಗೆ ಶರ್ತಿ ಎಂಬ ಪದ್ಧತಿಯು ರೂಢಿಗೆ ಬಂದಿತು. ಇದರಂತೆ ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ಬೊಕ್ಕಸಕ್ಕೆ ಕಟ್ಟುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. ಹಣ ಸಾಲದೆ ಬಂದರೆ ಹೊಣೆ ಅವನದು. ಇಂಥ ಕರಾರಿಗೆ ಕಟ್ಟುಬಿದ್ದವನು ಹೊರೆಯನ್ನು ಯಾರ ಹೆಗಲಿಗೆ ದಾಟಿಸುವನೆಂಬುದನ್ನು ವಿವರಿಸಬೇಕಾಗಿಲ್ಲ. ಮಳೆ ಬಂದಿತೋ ಇಲ್ಲವೋ, ಪೈರು ಬೆಳೆಯಿತೋ ಒಣಗಿತೋ, ರೈತನು ತೆರಲೇಬೇಕಾಯಿತು. ಇದರ ಮೇಲೆ, ಹಿಂದಿನ ಅಧಿಕಾರಿಗಳು ರೈತರಿಗೆ ನೀಡಿದ್ದ ರಿಯಾಯಿತಿಗಳನ್ನು ಹೊಸದಾಗಿ ಬಂದ ಫೌಜುದಾರರು ರದ್ದುಪಡಿಸಿ, ಹಳೆಯ ಬಾಕಿಯನ್ನು ಕೇಳತೊಡಗಿದರು. ರೈತರೊಡನೆ ಸಮಾಲೋಚನೆ ನಡೆಯಲಿಲ್ಲ. ಅಹವಾಲನ್ನು ಹೇಳಿಕೊಳ್ಳಲು ಮೈಸೂರಿನ ಬಾಗಿಲು ದೂರ, ಫೌಜುದಾರರ ಬಾಗಿಲು ಮುಚ್ಚಿದ್ದು.

1830ರ ಆಗಸ್ಟ್ ತಿಂಗಳಿನಲ್ಲಿ ಈ ಸೀಮೆಯ ಗೌಡರೂ ರೈತರೂ ಬಸವಾಪಟ್ಟಣದಲ್ಲಿ ಕೂಡಿದರು. ಊರಿಂದೂರಿಗೆ ಓಲೆಗಳು ಹೋದವು. ಈ ಸೇರುವಿಕೆಗಳಿಗೆ ಕೂಟಗಳೆಂದೇ ಹೆಸರಾಯಿತು. ಅನ್ಯಾಯವು ಪರಿಹಾರವಾಗುವವರೆಗೆ ಕಂದಾಯ ಕಟ್ಟಕೂಡದೆಂಬುದು ಕೂಟದ ನಿಶ್ಚಯ. ಮೊದಲಿಗೆ ಅವರು ಬೇಡಿದುದು ತಮ್ಮ ಮಾತಿಗೆ ಕಿವಿಗೊಡುವ ಅಧಿಕಾರಿಯನ್ನು, ಆಗಿರುವ ಅನ್ಯಾಯದ ವಿಚಾರಣೆಯನ್ನು. ಪ್ರಭುತ್ವವು ಕರೆಯದ ವಿಚಾರಣಾಸಭೆಯನ್ನು ಪ್ರಜೆಗಳೇ ಕರೆದುಕೊಂಡರೆಂದು ಆ ಕೂಟವನ್ನು ಅರ್ಥಮಾಡಿದರೆ ತಪ್ಪಾಗದು.

ಮಾತು ಫಲಿಸದೆ ಹೋದಾಗ ಕೂಟವು ದಂಗೆಯಾಯಿತು. ಬೂದಿ ಬಸವಪ್ಪನೆಂಬುವನು ತಾನೇ ಹಿಂದಿನ ನಗರದ ಅರಸುಮನೆತನದ ಉತ್ತರಾಧಿಕಾರಿಯೆಂದು ಸಾರಿಕೊಂಡು ಮುಂದೆ ಬಂದನು. ಸಂತೇಬೆನ್ನೂರಿನ ನಾಯಕರ ವಂಶಕ್ಕೆ ಸೇರಿದ ತರೀಕೆರೆಯ ರಂಗಪ್ಪನಾಯಕನೂ ಬಂಡಾಯವನ್ನು ಕೂಡಿಕೊಂಡನು. ರೈತರ ನೋವು ಒಂದು, ನಾಯಕರ ಆಸೆ ಇನ್ನೊಂದು. ಎರಡೂ ಬೆರೆತು ನೆಲವು ಹೊತ್ತಿಕೊಂಡಿತು. 1830ರ ಕೊನೆಯಲ್ಲಿ ಮಹಾರಾಜರು ಸ್ವತಃ ಸೈನ್ಯದೊಡನೆ ಚನ್ನರಾಯಪಟ್ಟಣದವರೆಗೆ ಬಂದರು. 1831ರಲ್ಲಿ ಹೊನ್ನಾಳಿಯ ಬಳಿ ಕಾಳಗ ನಡೆಯಿತು; ಬಹುಜನರು ಪ್ರಾಣ ತೆತ್ತರು. ಕಡೆಗೆ ಇಂಗ್ಲಿಷರ ಸೈನ್ಯವು ಬಂದು ನಗರವನ್ನು ಹಿಡಿದ ಮೇಲೆ ದಂಗೆಯ ಬಲ ಮುರಿಯಿತು.

ಇದರ ಫಲವೇನಾಯಿತು? ರೈತರು ನೊಂದರು; ಅರಸರೂ ಉಳಿಯಲಿಲ್ಲ. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯದ ಆಡಳಿತವನ್ನು ಮಹಾರಾಜರ ಕೈಯಿಂದ ತೆಗೆದುಕೊಂಡನು. ಅರಸರ ಮನೆತನಕ್ಕೆ ಆಡಳಿತವು ಮರಳಿ ಬರಲು ಐವತ್ತು ವರ್ಷಗಳು ಹಿಡಿದವು. ಸಕಾಲದಲ್ಲಿ ಕಿವಿಗೊಡದ ಪ್ರಭುತ್ವವು ತೆತ್ತ ಬೆಲೆ ಅಷ್ಟು ದೊಡ್ಡದು.

ಸುಟ್ಟ ಮೇಲಿನ ವಿಚಾರಣೆ

ದಂಗೆ ಅಡಗಿದ ಬಳಿಕ ಅದರ ಕಾರಣಗಳನ್ನು ಶೋಧಿಸಲು ಬೆಂಟಿಂಕನು ಒಂದು ಸಮಿತಿಯನ್ನು ನೇಮಿಸಿದನು. ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಎಂಬ ನಾಲ್ವರು ಅದರ ಸದಸ್ಯರು. ಅವರ ವರದಿಯು 1833ರ ಡಿಸೆಂಬರಿನಲ್ಲಿ ಸಿದ್ಧವಾಯಿತು. ಶರ್ತಿ ಪದ್ಧತಿಯ ದೋಷ, ಅಧಿಕಾರಿಗಳ ಲಂಚಕೋರತನ, ನ್ಯಾಯ ದೊರೆಯದ ರೈತನ ಸಂಕಟ ಇವೆಲ್ಲ ಆಗ ಕಾಗದದ ಮೇಲೆ ಬಂದವು. ಇದೇ ಮಾತುಗಳನ್ನು ಮೂರು ವರ್ಷಗಳ ಹಿಂದೆ ಬಸವಾಪಟ್ಟಣದ ಕೂಟದಲ್ಲಿ ರೈತರು ತಮ್ಮ ಬಾಯಿಂದಲೇ ಹೇಳಿದ್ದರು.

ಸಮಿತಿಯಲ್ಲಿದ್ದ ಮಾರ್ಕ್ ಕಬ್ಬನನೇ 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದನು. ಅವನ ಆಡಳಿತದಲ್ಲಿ 769 ಬಗೆಯ ಸಣ್ಣಪುಟ್ಟ ಕರಗಳು ರದ್ದಾದವೆಂದು ದಾಖಲೆಗಳಿಂದ ತಿಳಿಯುತ್ತದೆ. ಈ ಸಂಖ್ಯೆಯನ್ನು ಕುರಿತು ವಾಚಕರು ಸ್ವಲ್ಪ ಆಲೋಚಿಸಬೇಕು. ಏಳುನೂರಕ್ಕೂ ಮಿಕ್ಕಿದ ಕರಗಳು ಒಂದೇ ದಿನ ಹುಟ್ಟಿದವಲ್ಲ. ಒಂದೊಂದನ್ನೂ ಯಾರೋ ಒಬ್ಬ ಅಧಿಕಾರಿ ಎಂದೋ ಒಂದು ದಿನ ಬರೆದಿಟ್ಟನು. ತೆರಬೇಕಾದವನನ್ನು ಕೇಳುವ ಪರಿಪಾಠವಿಲ್ಲದಿದ್ದುದರಿಂದ ಅದು ಉಳಿದುಕೊಂಡು ಬೆಳೆಯಿತು.

ಈ ಘಟನೆಯಿಂದ ಹೊರಡುವ ಪಾಠವು ಸ್ಪಷ್ಟವಾಗಿದೆ. ವಿಚಾರಣೆಯು ಕಟ್ಟಳೆಗೆ ಮುಂಚೆ ನಡೆದರೆ ಅದು ಆಡಳಿತ. ಕಟ್ಟಳೆಯಿಂದ ಊರು ಹೊತ್ತಿಕೊಂಡ ಮೇಲೆ ನಡೆದರೆ ಅದು ಮರಣೋತ್ತರ ಪರೀಕ್ಷೆ.

ಪ್ರಜಾಪ್ರತಿನಿಧಿ ಸಭೆ

1881ರ ಮಾರ್ಚ್ 25ರಂದು ಮೈಸೂರಿನ ಆಡಳಿತವು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ದಿವಾನ್ ರಂಗಾಚಾರ್ಲು ಅವರು ಅದೇ ವರ್ಷ ಕೈಗೊಂಡ ಒಂದು ಕ್ರಮವು ಇಡೀ ಭರತಖಂಡದ ಗಮನವನ್ನು ಸೆಳೆಯಿತು. ಆಗಸ್ಟ್ 25ರ ಸರಕಾರಿ ಆಜ್ಞೆಯಂತೆ ಪ್ರತಿಯೊಂದು ತಾಲ್ಲೂಕಿನಿಂದ ಒಬ್ಬಿಬ್ಬರು ಭೂಹಿಡುವಳಿದಾರರನ್ನೂ ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರನ್ನೂ ಕರೆಯಲು ನಿಶ್ಚಯವಾಯಿತು. ಸರಕಾರದ ಉದ್ದೇಶಗಳು ಜನರಿಗೆ ತಿಳಿಯಬೇಕು, ಜನರ ಇಷ್ಟಾನಿಷ್ಟಗಳು ಸರಕಾರಕ್ಕೆ ತಿಳಿಯಬೇಕು ಎಂಬುದು ಅದರ ಆಶಯ. ಅಕ್ಟೋಬರ್ 7ರಂದು ದಸರೆಯ ಸಂದರ್ಭದಲ್ಲಿ 144 ಮಂದಿ ಮೈಸೂರಿನಲ್ಲಿ ಸಮಾವೇಶಗೊಂಡರು. ಇದೇ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಆರಂಭ.

ಬಸವಾಪಟ್ಟಣದ ಕೂಟಕ್ಕೂ ಮೈಸೂರಿನ ಈ ಸಭೆಗೂ ನಡುವೆ ಐವತ್ತೊಂದು ವರ್ಷಗಳ ಅಂತರ. ಅಲ್ಲಿ ರೈತನು ಕರೆಯದೆ ಕೂಡಿದನು; ಇಲ್ಲಿ ಸರಕಾರವೇ ಕರೆದು ಕೂರಿಸಿತು. ಸದಸ್ಯರು ತಮ್ಮ ತಮ್ಮ ಜಿಲ್ಲೆಗಳ ಕೊರತೆಗಳನ್ನು ಮುಂದಿಟ್ಟರೆ ದಿವಾನರು ಉತ್ತರ ಹೇಳುತ್ತಿದ್ದರು. ಮಾತುಗಳೂ ಉತ್ತರಗಳೂ ಅಚ್ಚಾಗಿ ದಾಖಲೆಯಾಗುತ್ತಿದ್ದವು. ಸದಸ್ಯರಿಗೆ ಮತ ಹಾಕಿ ಸರಕಾರವನ್ನು ಕಟ್ಟಿಹಾಕುವ ಅಧಿಕಾರವಿರಲಿಲ್ಲ. ಆದರೂ ಉತ್ತರ ಹೇಳಬೇಕಾದವನು ಮುಂದೆ ಕುಳಿತಿದ್ದನು. ಕೇಳಿದುದಕ್ಕೆ ಉತ್ತರ ಬರುವುದೆಂಬ ವಿಶ್ವಾಸವು ಮೂಡಿತು.

ಕಾಲಾನುಕ್ರಮದಲ್ಲಿ ಈ ಸಭೆ ಬೆಳೆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಸದಸ್ಯರ ಚುನಾವಣೆ ಆರಂಭವಾಯಿತು. 1894ರಲ್ಲಿ ಬಾಲ್ಯವಿವಾಹವನ್ನು ತಡೆಯುವ ಶಾಸನವೊಂದು ಮೈಸೂರಿನಲ್ಲಿ ಜಾರಿಯಾಯಿತು. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸುವುದನ್ನೂ ಅದು ನಿಷೇಧಿಸಿತು. ಶಾಸನವಾಗುವ ಮೊದಲು ಈ ವಿಷಯವು ಪ್ರಜಾಪ್ರತಿನಿಧಿ ಸಭೆಯಲ್ಲಿ ಚರ್ಚೆಗೆ ಬಂದಿತು. ಧರ್ಮದ ಹೆಸರಿನಲ್ಲಿ ಬಲವಾದ ವಿರೋಧವೂ ಕೇಳಿಬಂದಿತು. ಸರಕಾರವು ವಿರೋಧವನ್ನು ಕೇಳಿತು, ಆದರೆ ಶಾಸನವನ್ನು ಕೈಬಿಡಲಿಲ್ಲ. ಇದನ್ನು ನಾವು ಗಮನಿಸಬೇಕು. ಕೇಳುವುದೆಂದರೆ ಕೇಳಿದುದಕ್ಕೆಲ್ಲ ತಲೆಯಾಡಿಸುವುದೆಂದು ಅರ್ಥವಲ್ಲ. ವಿವಾಹವೇದಿಕೆಗೆ ಒಯ್ಯಲ್ಪಡುತ್ತಿದ್ದ ಆ ಮಗುವಿಗೆ ಸಭೆಯಲ್ಲಿ ಬಾಯಿಯಿರಲಿಲ್ಲ. ಅದರ ಪರವಾಗಿ ಪ್ರಭುತ್ವವೇ ಆಲೋಚಿಸಬೇಕಾಯಿತು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1907ರಲ್ಲಿ, ನ್ಯಾಯವಿಧಾಯಕ ಸಭೆ ಸ್ಥಾಪಿತವಾಯಿತು. ಬ್ರಜೇಂದ್ರನಾಥ ಸೀಲ್ ಅವರ ಅಧ್ಯಕ್ಷತೆಯ ಸಮಿತಿಯು ನೀಡಿದ ಸಲಹೆಗಳನ್ನು ಅನುಸರಿಸಿ, 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರವೇ ದೊರೆಯಿತು. ಹೊಸ ತೆರಿಗೆಯನ್ನು ವಿಧಿಸುವ ಮುನ್ನ ಈ ಸಭೆಯ ಅಭಿಪ್ರಾಯವನ್ನು ಕೇಳಬೇಕು. ಮಸೂದೆಯನ್ನು ನ್ಯಾಯವಿಧಾಯಕ ಸಭೆಯಲ್ಲಿ ಮಂಡಿಸುವ ಮುನ್ನ ಅದರ ಸಾಮಾನ್ಯ ತತ್ತ್ವಗಳನ್ನು ಇಲ್ಲಿ ಚರ್ಚಿಸಬೇಕು. ತುರ್ತಿನ ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಅದುವರೆಗೆ ಅರಸರ ಸೌಜನ್ಯವಾಗಿದ್ದುದು ಆ ವರ್ಷದಿಂದ ಪ್ರಜೆಯ ಹಕ್ಕಾಯಿತು. ಸ್ತ್ರೀಯರಿಗೂ ಮತದಾನದ ದಾರಿ ಇದೇ ಸುಧಾರಣೆಯಿಂದ ತೆರೆಯಿತು. 1949ರಲ್ಲಿ ಈ ಸಭೆಯು ಕೊನೆಗೊಂಡು, ಅದರ ಸ್ಥಾನವನ್ನು ಸ್ವತಂತ್ರ ಭಾರತದ ಹೊಸ ವ್ಯವಸ್ಥೆಯು ವಹಿಸಿಕೊಂಡಿತು.

ಈ ಸಭೆಯನ್ನು ಹೊಗಳುವಾಗ ಅದರ ಕೊರತೆಯನ್ನು ಮರೆಮಾಚಬಾರದು. ಆರಂಭದಲ್ಲಿ ಅಲ್ಲಿ ಕುಳಿತವರು ಜಮೀನುಳ್ಳವರು, ಹಣವುಳ್ಳವರು. ನಮ್ಮ ಸಮಾಜದ ಗೌಡರೂ ವರ್ತಕರೂ ಅವರಲ್ಲಿದ್ದರು. ಆ ಗೌಡರ ಹೊಲದಲ್ಲಿ ದುಡಿಯುವವನು, ಊರ ಹೊರಗಿನ ಕೇರಿಯವನು, ಮನೆಯೊಳಗಿನ ಹೆಂಗಸು ಅಲ್ಲಿರಲಿಲ್ಲ. ಕಾಯಕದಿಂದ ಮನುಷ್ಯನನ್ನು ಅಳೆದ ಶರಣರ ಹೆಸರು ಹೇಳುವ ನಾವು, ನಮಗೆ ಆಸನ ದೊರೆತಾಗ ನಮ್ಮ ಹಿಂದೆ ನಿಂತವನಿಗೂ ಆಸನ ಬೇಕೆಂದು ಎಷ್ಟು ಮಟ್ಟಿಗೆ ಕೇಳಿದೆವು ಎಂಬ ಪ್ರಶ್ನೆಯನ್ನು ಹಾಕಿಕೊಳ್ಳುವುದು ಇಂದಿಗೂ ಅಪ್ರಸ್ತುತವಲ್ಲ.

ಶಾಸನ ಬೇರೆ, ನಿಯಮ ಬೇರೆ

ಇನ್ನು ಇಂದಿನ ವಿಷಯಕ್ಕೆ ಬರೋಣ. ಶಾಸನವನ್ನು ಮಾಡುವವರು ನಾವು ಆರಿಸಿ ಕಳುಹಿಸಿದ ಪ್ರತಿನಿಧಿಗಳು. ಆದರೆ ಶಾಸನವು ಎಲ್ಲವನ್ನೂ ಹೇಳುವುದಿಲ್ಲ. ದರವೆಷ್ಟು, ಅರ್ಜಿಯ ನಮೂನೆ ಯಾವುದು, ಯಾವ ಕಾರ್ಖಾನೆಗೆ ಯಾವ ಷರತ್ತು, ಎಷ್ಟು ದಿನದ ಗಡುವು ಎಂಬ ವಿವರಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಅದು ಇಲಾಖೆಗಳಿಗೂ ಆಯೋಗಗಳಿಗೂ ವಹಿಸುತ್ತದೆ. ಪ್ರಜೆಯ ನಿತ್ಯಜೀವನಕ್ಕೆ ತಗಲುವುದು ಹೆಚ್ಚಾಗಿ ಈ ನಿಯಮಗಳೇ. ಇವನ್ನು ಬರೆಯುವ ಅಧಿಕಾರಿಯು ನಮ್ಮ ಮತದಿಂದ ಬಂದವನಲ್ಲ. ಆದಕಾರಣ ಇಲ್ಲಿ ನೇರವಾಗಿ ಪ್ರಜೆಯನ್ನೇ ಕೇಳುವ ವ್ಯವಸ್ಥೆಯು ಅವಶ್ಯವಾಯಿತು.

1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೆಯ ಪ್ರಕರಣವು ಈ ದೃಷ್ಟಿಯಿಂದ ಗಮನಾರ್ಹವಾಗಿದೆ. ಪೂರ್ವಪ್ರಕಟಣೆಯ ನಂತರವೇ ನಿಯಮ ಮಾಡತಕ್ಕದ್ದೆಂದು ಯಾವುದೇ ಕಾಯಿದೆಯು ಹೇಳಿದಲ್ಲಿ, ಕರಡನ್ನು ಪ್ರಕಟಿಸಬೇಕು. ಅದನ್ನು ಪರ್ಯಾಲೋಚನೆಗೆ ತೆಗೆದುಕೊಳ್ಳುವ ದಿನಾಂಕವನ್ನು ತಿಳಿಸಬೇಕು. ಬಂದ ಆಕ್ಷೇಪಣೆ ಸಲಹೆಗಳನ್ನು ಪರಿಶೀಲಿಸಬೇಕು. ಅದೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ: ಅಂತಿಮ ನಿಯಮವು ರಾಜ್ಯಪತ್ರದಲ್ಲಿ ಪ್ರಕಟವಾಯಿತೆಂದರೆ, ಅದು ಕ್ರಮಬದ್ಧವಾಗಿಯೇ ಆಯಿತೆಂಬುದಕ್ಕೆ ಆ ಪ್ರಕಟಣೆಯೇ ನಿರ್ಣಾಯಕ ಸಾಕ್ಷ್ಯ. ಆಮೇಲೆ ಆಡುವ ಮಾತಿಗೆ ಬಲ ಕಡಿಮೆ. ಕರಡಿನ ಹಂತದಲ್ಲಿ ಆಡಿದ ಮಾತಿಗಷ್ಟೇ ಬೆಲೆ.

ಈ ವಿಷಯದಲ್ಲಿ ಹೊರನಾಡುಗಳ ನಡೆಯೂ ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನಲ್ಲಿ 1893ರ ಕಾಯಿದೆಯೊಂದು ಹಲವು ಬಗೆಯ ನಿಯಮಗಳಿಗೆ ನಲವತ್ತು ದಿನಗಳ ಮುನ್ಸೂಚನೆಯನ್ನು ವಿಧಿಸಿತ್ತು. 1946ರಲ್ಲಿ ಆ ದೇಶವು ಅದನ್ನು ರದ್ದುಪಡಿಸಿತು. ಅದೇ 1946ರಲ್ಲಿ ಅಮೆರಿಕವು ಆಡಳಿತ ಕ್ರಮಗಳ ಕಾಯಿದೆಯನ್ನು ಮಾಡಿ, ಕರಡನ್ನು ಪ್ರಕಟಿಸಿ ಜನಾಭಿಪ್ರಾಯವನ್ನು ಪಡೆದೇ ನಿಯಮ ಮಾಡುವುದನ್ನು ಸಾಮಾನ್ಯ ಪದ್ಧತಿಯನ್ನಾಗಿಸಿತು. ಒಮ್ಮೆ ದೊರೆತ ಹಕ್ಕು ಶಾಶ್ವತವೆಂದು ಯಾವ ದೇಶದ ಪ್ರಜೆಯೂ ಮೈಮರೆಯುವಂತಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕೇಳುವವರು ಯಾರು ಎಂಬುದೂ ಮುಖ್ಯ. ಆಂಧ್ರದಲ್ಲಿ ಬಸ್ಸು ಸಂಚಾರದ ರಾಷ್ಟ್ರೀಕರಣದ ಯೋಜನೆಯೊಂದರ ಮೇಲೆ ಆಕ್ಷೇಪಣೆಗಳನ್ನು ಇಲಾಖೆಯ ಕಾರ್ಯದರ್ಶಿಯವರು ಕೇಳಿದರು, ತೀರ್ಮಾನವನ್ನು ಮುಖ್ಯಮಂತ್ರಿಗಳು ಮಾಡಿದರು. ಒಬ್ಬರು ಕೇಳಿ ಇನ್ನೊಬ್ಬರು ತೀರ್ಪು ಕೊಟ್ಟರೆ ಅಂಥ ವಿಚಾರಣೆಯು ಬರಿಯ ಶಾಸ್ತ್ರಕ್ಕೆ ಮಾಡಿದಂತಾಗುತ್ತದೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ ವ್ಯಕ್ತಪಡಿಸಿ ಆ ಕ್ರಮವನ್ನು ಒಪ್ಪಲಿಲ್ಲ. ಮೈಸೂರು ರಾಜ್ಯದ ಇಂಥದೇ ಯೋಜನೆಯು 1960ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದಿತು. ಇಲ್ಲಿ ಆಕ್ಷೇಪಣೆಗಳನ್ನು ಮುಖ್ಯಮಂತ್ರಿಗಳೇ ಕುಳಿತು ಕೇಳಿದ್ದರು, ಯೋಜನೆಯು ಊರ್ಜಿತವಾಯಿತು. ಸಂತೆಯಲ್ಲಿ ಸರಕು ನೋಡಿದವನೇ ಬೆಲೆ ಕಟ್ಟಬೇಕಷ್ಟೆ.

ಇಂದಿನ ವಿಚಾರಣೆಗಳು

ಸಂತೇಬೆನ್ನೂರಿನ ಸುತ್ತಣ ಅಡಿಕೆ ತೋಟದ ರೈತನಿಗೂ ಪೇಟೆಯ ಹಿಟ್ಟಿನ ಗಿರಣಿಯವನಿಗೂ ಮನೆಯಲ್ಲಿ ದೀಪ ಉರಿಸುವ ಗೃಹಿಣಿಗೂ ಸಮಾನವಾಗಿ ತಗಲುವ ವಿಷಯ ವಿದ್ಯುತ್ತಿನ ದರ. 1999ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಈ ದರವನ್ನು ಗೊತ್ತುಪಡಿಸುತ್ತದೆ. ವಿದ್ಯುತ್ ಕಂಪನಿಯು ತನ್ನ ಅರ್ಜಿಯನ್ನು ಪ್ರಕಟಿಸಬೇಕು. ಗ್ರಾಹಕರು ಬರಹದಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಆಯೋಗವು ಬಹಿರಂಗ ವಿಚಾರಣೆಯನ್ನು ನಡೆಸಿ ಗ್ರಾಹಕರ ವಾದವನ್ನು ಕೇಳುತ್ತದೆ. ಆಯೋಗದ ಆದೇಶದಲ್ಲಿ ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಅದರ ಮೇಲೆ ಆಯೋಗದ ಅಭಿಪ್ರಾಯ ಈ ಮೂರೂ ದಾಖಲಾಗುತ್ತವೆ. ಪ್ರಜಾಪ್ರತಿನಿಧಿ ಸಭೆಯ ಅಚ್ಚಾದ ನಡವಳಿಗಳ ನೆನಪನ್ನು ಈ ಕ್ರಮವು ತರುತ್ತದೆ. ದರ ಇಳಿಯದಿದ್ದರೂ ಏಕೆ ಇಳಿಯಲಿಲ್ಲವೆಂಬುದನ್ನು ಬರೆದು ತಿಳಿಸಬೇಕಾದ ಹೊಣೆ ಅಲ್ಲಿದೆ.

ಎರಡನೆಯದು ಪರಿಸರದ ವಿಷಯ. ಗಣಿ, ದೊಡ್ಡ ಕಾರ್ಖಾನೆ, ಅಣೆಕಟ್ಟು ಮುಂತಾದವಕ್ಕೆ ಅನುಮತಿ ನೀಡುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಸಬೇಕೆಂಬ ನಿಯಮವು 1997ರಲ್ಲಿ ಬಂದಿತು. 2006ರ ಅಧಿಸೂಚನೆಯು ಅದನ್ನು ವಿಸ್ತರಿಸಿ ಕ್ರಮಗೊಳಿಸಿತು. ವಿಚಾರಣೆಯ ದಿನಾಂಕವನ್ನು ಮೂವತ್ತು ದಿನ ಮುಂಚಿತವಾಗಿ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಯೋಜನೆಯ ಸ್ಥಳದಲ್ಲಾಗಲಿ ಸಮೀಪದಲ್ಲಾಗಲಿ ಸಭೆ ಸೇರಬೇಕು. ಜಿಲ್ಲಾಧಿಕಾರಿಗಳು ಅಥವಾ ಅವರ ಪ್ರತಿನಿಧಿಯಾದ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಕೊನೆಯಲ್ಲಿ ನಡವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಸಭಿಕರಿಗೆ ಓದಿ ಹೇಳಬೇಕು. ಇವೆಲ್ಲ ಶ್ಲಾಘ್ಯವಾದ ನಿಬಂಧನೆಗಳು. ಆದರೆ ಅದೇ ಅಧಿಸೂಚನೆಯಲ್ಲಿ ಇನ್ನೊಂದು ಮಾತಿದೆ. ಈ ಸಭೆಗೆ ಕೋರಂ ಬೇಕಿಲ್ಲ. ಎಂದರೆ, ಊರವರು ಯಾರೂ ಬಾರದೆ ಬರಿಯ ಕುರ್ಚಿಗಳೇ ಇದ್ದರೂ ಸಭೆ ನಡೆಯಿತೆಂದೇ ಲೆಕ್ಕ. ನಮ್ಮ ಗೈರುಹಾಜರಿಯನ್ನು ಕಾನೂನು ಪ್ರತಿಭಟನೆಯೆಂದು ಎಣಿಸುವುದಿಲ್ಲ.

ಮೂರನೆಯದು ಎಲ್ಲೆಗಳ ವಿಷಯ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗವನ್ನೂ ಜಗಳೂರು ಚಿತ್ರದುರ್ಗವನ್ನೂ ಬಿಟ್ಟು ಅದಕ್ಕೆ ಸೇರಿದವು. ಮುಂದೆ ಹೊನ್ನಾಳಿಯಿಂದ ನ್ಯಾಮತಿಯು ಬೇರೆ ತಾಲ್ಲೂಕಾಯಿತು. ಯಾವ ಕಚೇರಿಗೆ ಯಾವ ಊರವನು ಎಷ್ಟು ದೂರ ನಡೆಯಬೇಕು, ಯಾವ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು ಎಂಬುದು ಇಂಥ ಗೆರೆಗಳಿಂದ ನಿರ್ಧಾರವಾಗುತ್ತದೆ. 1964ರ ಭೂಕಂದಾಯ ಅಧಿನಿಯಮವು ಇಂಥ ಬದಲಾವಣೆಗಳ ಪ್ರಸ್ತಾವವನ್ನು ಮುಂಚಿತವಾಗಿ ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಪರಿಶೀಲಿಸುವ ದಾರಿಯನ್ನು ತೋರಿಸಿದೆ. ಜನಾಭಿಪ್ರಾಯ ಅನಾವಶ್ಯಕವೆಂದು ತೋರಿದರೆ ಸರಕಾರವು ಆ ದಾರಿಯನ್ನು ಬಿಡುವುದಕ್ಕೂ ಅವಕಾಶವನ್ನಿಟ್ಟಿದೆ. ಇಂಥ ಸಡಿಲುಗಳ ಮೇಲೆ ಪ್ರಜೆ ಸದಾ ಕಣ್ಣಿಟ್ಟಿರಬೇಕು.

ಯಾವ ಭಾಷೆಯಲ್ಲಿ?

ವಿಚಾರಣೆಯ ಪ್ರಾಣವಿರುವುದು ಭಾಷೆಯಲ್ಲಿ. 2020ರಲ್ಲಿ ಕೇಂದ್ರ ಸರಕಾರವು ಪರಿಸರ ಪರಿಣಾಮದ ಪರಿಶೀಲನೆಗೆ ಸಂಬಂಧಿಸಿದ ಹೊಸ ಕರಡು ಅಧಿಸೂಚನೆಯನ್ನು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಪ್ರಕಟಿಸಿತು. ಮಹಾಮಾರಿಯಿಂದ ಜನರು ಮನೆಯೊಳಗೇ ಇದ್ದ ಕಾಲವದು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಕರಡನ್ನು ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು ಆ ವರ್ಷ ಜೂನ್ 30ರಂದು ಆದೇಶಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವೂ ಆಗಸ್ಟ್ ತಿಂಗಳಿನಲ್ಲಿ ಅಂತಿಮ ಅಧಿಸೂಚನೆ ಹೊರಡದಂತೆ ತಡೆ ನೀಡಿತು. ಕರಡು ತನ್ನ ಭಾಷೆಯಲ್ಲಿಲ್ಲದಿದ್ದರೆ ರೈತನಿಗೆ ಅದು ಪ್ರಕಟವಾಗಿಯೂ ಪ್ರಕಟವಾಗದಂತೆಯೇ. ಕಲ್ಯಾಣದ ಶರಣರು ಅತಿಸೂಕ್ಷ್ಮವಾದ ತತ್ತ್ವವನ್ನೂ ಜನರ ಆಡುಮಾತಿನಲ್ಲಿ ಹೇಳಲು ಶಕ್ತರಾದರು. ಎಂಟುನೂರು ವರ್ಷಗಳ ಬಳಿಕ ಒಂದು ಕಾರ್ಖಾನೆಯ ಷರತ್ತುಗಳನ್ನು ಕನ್ನಡದಲ್ಲಿ ಹೇಳುವುದು ಕಷ್ಟವೆಂದರೆ ಅದನ್ನು ಯಾರು ನಂಬಿಯಾರು?

2014ರಲ್ಲಿ ಕೇಂದ್ರ ಸರಕಾರವು ಶಾಸನಪೂರ್ವ ಸಮಾಲೋಚನೆಯ ನೀತಿಯೊಂದನ್ನು ಅಂಗೀಕರಿಸಿತು. ಕರಡು ಶಾಸನಗಳನ್ನೂ ನಿಯಮಗಳನ್ನೂ ಕನಿಷ್ಠ ಮೂವತ್ತು ದಿನಗಳ ಕಾಲ ಜನರ ಮುಂದಿಡಬೇಕೆಂಬುದು ಅದರ ಮುಖ್ಯಾಂಶ. ಅದು ನೀತಿಯೇ ಹೊರತು ಕಾಯಿದೆಯಲ್ಲ. ಪಾಲಿಸದಿದ್ದವರನ್ನು ಕೇಳುವ ಕಟ್ಟುಪಾಡು ಅದರಲ್ಲಿಲ್ಲ. 1923ರಲ್ಲಿ ಮೈಸೂರಿನ ಪ್ರಜೆಗೆ ಶಾಸನದಿಂದ ದೊರೆತುದು ಇಂದಿನ ಪ್ರಜೆಗೆ ಇನ್ನೂ ಪೂರ್ಣವಾಗಿ ದೊರೆತಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ನಮ್ಮ ಕರ್ತವ್ಯ

ಇಲ್ಲಿಯವರೆಗಿನ ವಿವೇಚನೆಯಿಂದ ವಿಚಾರಣೆಯ ಸಾರ್ಥಕತೆಗೆ ನಾಲ್ಕು ಲಕ್ಷಣಗಳನ್ನು ಗುರುತಿಸಬಹುದು. ಕಟ್ಟಳೆಯು ಗಟ್ಟಿಯಾಗುವ ಮುನ್ನವೇ ಅದು ನಡೆಯಬೇಕು. ಜನರ ಭಾಷೆಯಲ್ಲಿ ನಡೆಯಬೇಕು. ತೀರ್ಮಾನಿಸುವವನ ಕಿವಿಗೆ ಮಾತು ಮುಟ್ಟಬೇಕು. ಒಪ್ಪಿದರೂ ಒಪ್ಪದಿದ್ದರೂ ಕಾರಣಸಹಿತವಾದ ಉತ್ತರ ಬರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸಭೆಯು ಪೆಂಡಾಲಿನ ಶೋಭೆಯಾಗಿ ಮುಗಿಯುತ್ತದೆ.

ಸರಕಾರದ ಕರ್ತವ್ಯವನ್ನು ಎತ್ತಿ ಹೇಳಿದಂತೆಯೇ ನಮ್ಮ ಕರ್ತವ್ಯವನ್ನೂ ಹೇಳಬೇಕು. ಜಾತ್ರೆಗೆ ಸಾವಿರಾರು ಮಂದಿ ಸೇರುವ ಊರಿನಲ್ಲಿ ವಿಚಾರಣೆಗೆ ಹತ್ತು ಮಂದಿ ಸೇರುವುದಿಲ್ಲವೆಂದರೆ ಕೊರತೆಯು ಸರಕಾರದಲ್ಲಿ ಮಾತ್ರವಿಲ್ಲ. ಗ್ರಾಮದ ವಿದ್ಯಾವಂತ ತರುಣರು ಕರಡು ನಿಯಮಗಳನ್ನು ತರಿಸಿ, ಗ್ರಾಮಸಭೆಯಲ್ಲಾಗಲಿ ಗುಡಿಯ ಕಟ್ಟೆಯ ಮೇಲಾಗಲಿ ಹತ್ತು ಜನರಿಗೆ ಓದಿ ಹೇಳಬಹುದು. ಸಹಕಾರ ಸಂಘಗಳು ತಮ್ಮ ಸದಸ್ಯರ ಅನುಭವವನ್ನು ಅಂಕಿ ಅಂಶಗಳೊಡನೆ ಬರೆದು ಕಳುಹಿಸಬಹುದು. ಆಕ್ಷೇಪಣೆಯೆಂದರೆ ಬೈಗುಳವಲ್ಲ, ಈ ನಿಯಮದ ಈ ಖಂಡದಿಂದ ನನಗೆ ಈ ತೊಂದರೆ, ಅದನ್ನು ಹೀಗೆ ತಿದ್ದಿದರೆ ಪರಿಹಾರ ಎಂದು ಒಂದು ಪುಟದಲ್ಲಿ ಬರೆದ ಪತ್ರಕ್ಕೆ ಒಂದು ಗಂಟೆಯ ಘೋಷಣೆಗಿಂತ ಹೆಚ್ಚಿನ ಬಲವಿದೆ. ಕಳುಹಿಸಿದ ಪತ್ರದ ಪ್ರತಿಯನ್ನೂ ಸ್ವೀಕೃತಿಯನ್ನೂ ಇಟ್ಟುಕೊಂಡು, ಉತ್ತರ ಬಾರದಿದ್ದರೆ ಮತ್ತೆ ಕೇಳಬೇಕು.

ಇದಕ್ಕಿಂತಲೂ ಮುಖ್ಯವಾದುದೊಂದಿದೆ. ವಿಚಾರಣೆಗೆ ಹೋಗುವಾಗ ನಮ್ಮ ಮಾತನ್ನಷ್ಟೇ ಹೊತ್ತು ಹೋಗಬಾರದು. ತೋಟದ ಯಜಮಾನನೊಡನೆ ಕೊನೆ ಕೊಯ್ಯುವ ಆಳೂ, ಅಡಿಕೆ ಸುಲಿಯುವ ಹೆಂಗಸೂ ಆ ಸಭೆಗೆ ಬರಬೇಕು. ಬರಲು ಅವರಿಗೆ ಆ ದಿನದ ಕೂಲಿ ತಪ್ಪದಂತೆ ಯಜಮಾನನೇ ನೋಡಿಕೊಳ್ಳಬೇಕು. 1881ರ ಸಭೆಯಲ್ಲಿ ಉಳಿದುಹೋದ ಖಾಲಿ ಆಸನಗಳನ್ನು ತುಂಬುವ ಹೊಣೆಯು ಅಂದು ಆಸನ ಪಡೆದವರ ಮೊಮ್ಮಕ್ಕಳ ಮೇಲಿದೆ. ಇದೂ ದಾಸೋಹದ ಒಂದು ರೂಪವೇ.

ಬಸವಾಪಟ್ಟಣದಲ್ಲಿ ಕೂಡಿದ ರೈತರಿಗೆ ಅರ್ಜಿ ಸಲ್ಲಿಸುವ ಕಚೇರಿಯಿರಲಿಲ್ಲ, ಗಡುವಿರಲಿಲ್ಲ, ಉತ್ತರ ಬರುವ ಭರವಸೆಯಿರಲಿಲ್ಲ. ತಮ್ಮ ಮಾತು ಕೇಳಿಸಲೆಂದು ಅವರು ಪ್ರಾಣವನ್ನೇ ಪಣವಾಗಿಟ್ಟರು. ಇಂದು ನಮ್ಮಿಂದ ಕೇಳಲ್ಪಡುತ್ತಿರುವುದು ಒಂದು ಹಾಳೆ ಕಾಗದ, ಒಂದು ದಿನದ ಬಿಡುವು, ನಾಲ್ಕು ಸತ್ಯವಾದ ಮಾತು. ವಾಚಕ ಮಹಾಶಯರು ಮುಂದಿನ ಬಾರಿ ಕರಡು ನಿಯಮವೊಂದರ ಪ್ರಕಟಣೆಯನ್ನು ಕಂಡಾಗ ಅದರ ಗಡುವನ್ನು ಗುರುತು ಹಾಕಿಕೊಳ್ಳಲಿ, ನೆರೆಯವರಿಗೆ ತಿಳಿಸಲಿ, ಸಭೆಯ ದಿನ ಹೋಗಿ ಕುಳಿತುಕೊಳ್ಳಲಿ ಎಂಬುದು ನಮ್ಮ ಸವಿನಯ ಪ್ರಾರ್ಥನೆ.